2,430 ಪಂದ್ಯಗಳ ಒಂದು ಬೇಸಿಗೆ

2,430. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ವರ್ಷಕ್ಕೆ ನಡೆಯುವ ಪಂದ್ಯಗಳ ಸಂಖ್ಯೆ ಇದು. ತಂಡಗಳು 30, ಒಂದೊಂದು ತಂಡಕ್ಕೆ 162 ಪಂದ್ಯ. ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುವ ಆರು ತಿಂಗಳಲ್ಲಿ ಇಷ್ಟೂ ಮುಗಿಯಬೇಕು. ಅಕ್ಟೋಬರ್‌ನ ಪ್ಲೇಆಫ್, ಕೊನೆಯಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಇದರಲ್ಲಿ ಸೇರಿಲ್ಲ, ಅವು ಹೆಚ್ಚುವರಿ.

ಈ ಸಂಖ್ಯೆ ಎಷ್ಟು ದೊಡ್ಡದು ಎಂದು ತಿಳಿಯಲು ಅದನ್ನು ನಮ್ಮ ಕ್ರಿಕೆಟ್ ಪಕ್ಕ ನಿಲ್ಲಿಸಬೇಕು. 2025ರ ಐಪಿಎಲ್‌ನ ಪಂದ್ಯಗಳು 74. ಬೇಸ್‌ಬಾಲ್‌ನ ಒಂದು ವರ್ಷಕ್ಕೆ ಸಮನಾಗಲು ಐಪಿಎಲ್ 33 ವರ್ಷ ನಡೆಯಬೇಕು! 2008ರಲ್ಲಿ ಹುಟ್ಟಿದ ಐಪಿಎಲ್ 2025ರವರೆಗೆ, ಅಂದರೆ ನಮ್ಮ ಆರ್‌ಸಿಬಿ ಕಪ್ ಎತ್ತಲು ಕಾದ ಅಷ್ಟೂ 18 ವರ್ಷಗಳಲ್ಲಿ, ಕಂಡ ಪಂದ್ಯಗಳು 1,200ಕ್ಕಿಂತ ಕಡಿಮೆ. ಬೇಸ್‌ಬಾಲ್ ಅಷ್ಟನ್ನು ಜೂನ್ ಮುಗಿಯುವ ಹೊತ್ತಿಗೇ ಆಡಿ ಮುಗಿಸಿರುತ್ತದೆ. ಇನ್ನೂ ಮೂರು ತಿಂಗಳು ಬಾಕಿ.

ಟೆಸ್ಟ್ ಕ್ರಿಕೆಟ್ ತೆಗೆದುಕೊಳ್ಳಿ. ಮೊದಲ ಟೆಸ್ಟ್ ನಡೆದದ್ದು 1877ರಲ್ಲಿ, ಮೆಲ್ಬರ್ನ್‌ನಲ್ಲಿ. ಅಂದಿನಿಂದ ಇಂದಿನವರೆಗೆ ಎರಡು ಮಹಾಯುದ್ಧ ದಾಟಿ, ಬ್ರಾಡ್ಮನ್, ಗಾವಸ್ಕರ್, ಸಚಿನ್ ಅವರ ಕಾಲ ದಾಟಿ, ಎಲ್ಲ ದೇಶಗಳೂ ಸೇರಿ ಆಡಿದ ಟೆಸ್ಟ್‌ಗಳು ಸುಮಾರು 2,600. ಸುಮಾರು ಒಂದೂವರೆ ಶತಮಾನದ ಆ ಸಂಪತ್ತು ಬೇಸ್‌ಬಾಲ್‌ನ ಒಂದು ಬೇಸಿಗೆಗಿಂತ ತುಸುವೇ ಹೆಚ್ಚು.

ಒಂದು ತಂಡದ ಆರು ತಿಂಗಳು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಸೋಮವಾರ ಪಂದ್ಯ, ಮಂಗಳವಾರ ಪಂದ್ಯ, ಬುಧವಾರ ಪಂದ್ಯ, ರಾತ್ರಿ ವಿಮಾನ, ಗುರುವಾರ ಬೇರೆ ಊರಲ್ಲಿ ಪಂದ್ಯ. ವಾಯವ್ಯ ಮೂಲೆಯ ಸಿಯಾಟಲ್ ಮ್ಯಾರಿನರ್ಸ್ ತಂಡಕ್ಕೆ ಯಾವ ಊರೂ ಹತ್ತಿರವಿಲ್ಲ. ಅದು ವರ್ಷಕ್ಕೆ 65 ಸಾವಿರ ಕಿ.ಮೀ.ಗೂ ಹೆಚ್ಚು ಹಾರುತ್ತದೆ. ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಆಟ ಆಡುವುದಕ್ಕಾಗಿ ಭೂಮಿಗೆ ಒಂದೂವರೆ ಸುತ್ತು!

ಇಷ್ಟು ಪಂದ್ಯಗಳನ್ನೂ ಒಬ್ಬನೇ ನೋಡುತ್ತೇನೆ ಎಂದು ಹಟ ಹಿಡಿದು ಕೂತರೆ? ಈಗ ಒಂದು ಪಂದ್ಯ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸು ಮುಗಿಯುತ್ತದೆ. ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ನೋಡಿದರೆ 270 ದಿನ ಬೇಕು. ಹಂಗಾಮು ಇರುವುದು ಆರೇ ತಿಂಗಳು, ನೋಡಿ ಮುಗಿಸಲು ಒಂಬತ್ತು ತಿಂಗಳು. 2022ರಲ್ಲಿ ಒಂದು ಪಂದ್ಯದ ಸರಾಸರಿ 3 ಗಂಟೆ 4 ನಿಮಿಷ ಇತ್ತು. ಕ್ರಿಕೆಟ್‌ನಲ್ಲಿ ಬೌಲರ್ ಇದ್ದಂತೆ ಇಲ್ಲಿ ಪಿಚರ್. 2023ರಲ್ಲಿ ಪಿಚರ್‌ಗಳ ಮುಂದೆ ಗಡಿಯಾರ ಇಟ್ಟರು. ಬೇಸ್‌ಗಳಲ್ಲಿ, ಅಂದರೆ ಬ್ಯಾಟರ್ ಒಂದೊಂದಾಗಿ ಓಡಿ ಮುಟ್ಟಬೇಕಾದ ತಾಣಗಳಲ್ಲಿ, ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಚೆಂಡು ಎಸೆಯಬೇಕು ಎಂಬ ನಿಯಮ. ಪಂದ್ಯಕ್ಕೆ 24 ನಿಮಿಷ ಉಳಿಯಿತು. 24 ನಿಮಿಷ ಏನು ಮಹಾ ಅನ್ನಿಸಬಹುದು. 2,430ರಿಂದ ಗುಣಿಸಿ: ಒಂದು ಸಣ್ಣ ಗಡಿಯಾರ ಆ ಆಟದಿಂದ ಹಿಂಡಿ ತೆಗೆದದ್ದು ವರ್ಷಕ್ಕೆ ಪೂರ್ತಿ 40 ದಿನ, 40 ರಾತ್ರಿ.

ಇನ್ನು ಎಸೆತಗಳ ಲೆಕ್ಕ. ಒಂದು ಹಂಗಾಮಿನಲ್ಲಿ ಎಲ್ಲ ಪಿಚರ್‌ಗಳೂ ಸೇರಿ ಎಸೆಯುವುದು 7 ಲಕ್ಷಕ್ಕೂ ಹೆಚ್ಚು ಚೆಂಡು. ಪಿಚರ್ ನಿಲ್ಲುವ ಪಟ್ಟಿಯಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ ದೂರ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಶ್ರವಣಬೆಳಗೊಳದ ಬಾಹುಬಲಿಯ ಎತ್ತರಕ್ಕಿಂತ ಎರಡು ಮೂರು ಅಡಿ ಹೆಚ್ಚು, ಅಷ್ಟೇ. ಆದರೆ ಆ 18.44 ಮೀಟರ್‌ನ 7 ಲಕ್ಷ ಎಸೆತಗಳನ್ನು ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ 12,900 ಕಿ.ಮೀ. ಆಗುತ್ತದೆ. ಭೂಮಿಯ ವ್ಯಾಸ 12,742 ಕಿ.ಮೀ. ಒಂದೇ ವರ್ಷದ ಎಸೆತಗಳು ಭೂಗೋಳದ ಈ ಕಡೆ ಹೊಕ್ಕು ಆ ಕಡೆ ಹೊರಬಿದ್ದು, ಇನ್ನೂ ನೂರೈವತ್ತು ಕಿ.ಮೀ. ಉಳಿಸಿಕೊಳ್ಳುತ್ತವೆ!

ಆ ಚೆಂಡುಗಳ ವೇಗ? 2010ರ ಸೆಪ್ಟೆಂಬರ್‌ನಲ್ಲಿ ಸಿನ್ಸಿನಾಟಿ ರೆಡ್ಸ್‌ನ ಎಡಗೈ ಪಿಚರ್, ಕ್ಯೂಬಾ ಮೂಲದ ಅರೋಲ್ಡಿಸ್ ಚಾಪ್ಮನ್ ಎಸೆದ ಒಂದು ಚೆಂಡು ಗಂಟೆಗೆ ಸುಮಾರು 170 ಕಿ.ಮೀ. ವೇಗದಲ್ಲಿ ಹೋಯಿತು. ಕ್ರಿಕೆಟ್‌ನ ದಾಖಲೆ 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ 161.3 ಕಿ.ಮೀ. ಅದೂ ದೂರದಿಂದ ಓಡಿ ಬಂದು ಎಸೆದದ್ದು. ಚಾಪ್ಮನ್ ನಿಂತಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ಎಸೆದ. ನಮ್ಮ ವಂದೇ ಭಾರತ್ ರೈಲಿಗೆ ಅನುಮತಿ ಇರುವ ಗರಿಷ್ಠ ವೇಗ 160. ರೈಲು ಹಿಂದೆ ಬೀಳುತ್ತದೆ, ಚೆಂಡು ಮುಂದೆ ಹೋಗುತ್ತದೆ. ಬ್ಯಾಟರ್‌ಗೆ ಸಿಗುವ ಸಮಯ 0.4 ಸೆಕೆಂಡ್. ಒಮ್ಮೆ ಕಣ್ಣು ಮಿಟುಕಿಸಿದರೆ ಅದರಲ್ಲಿ ಒಂದು ಪಾಲು ಹೋಗಿಯೇ ಬಿಟ್ಟಿತು. ಹೀಗಿದ್ದೂ ಹೊಡೆಯುತ್ತಾರೆ! ಹೊಡೆದ ಚೆಂಡು ಬಂದದ್ದಕ್ಕಿಂತ ಜೋರಾಗಿ ವಾಪಸಾಗುತ್ತದೆ. 2025ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಒನೀಲ್ ಕ್ರೂಸ್ ಬಾರಿಸಿದ ಚೆಂಡು ಬ್ಯಾಟಿನಿಂದ ಹೊರಟಾಗ ಗಂಟೆಗೆ 198 ಕಿ.ಮೀ. ವೇಗದಲ್ಲಿತ್ತು.

ಆ ಚೆಂಡನ್ನೇ ಒಮ್ಮೆ ಕೈಗೆತ್ತಿಕೊಳ್ಳೋಣ, ಏಕೆಂದರೆ ನನ್ನ ಮಟ್ಟಿಗೆ ಈ ಆಟದ ಅತಿ ದೊಡ್ಡ ಸಂಖ್ಯೆಗಳು ಅಡಗಿರುವುದು ಅದರೊಳಗೆ. ತೂಕ 142ರಿಂದ 149 ಗ್ರಾಂ. ಬಿಳಿ ಚರ್ಮದ ಎರಡು ತುಂಡು, ಅವನ್ನು ಕೂಡಿಸುವ ಕೆಂಪು ದಾರದ 108 ಜೋಡಿ ಹೊಲಿಗೆ. ಕೋಸ್ಟರಿಕಾ ದೇಶದ ಟುರಿಯಾಲ್ಬಾ ಎಂಬ ಊರಿನ ಕಾರ್ಖಾನೆಯಲ್ಲಿ ಹೊಲಿಗೆಯಷ್ಟನ್ನೂ ಕೈಯಿಂದಲೇ ಹಾಕುತ್ತಾರೆ. ಪಂದ್ಯಕ್ಕೆ ಮೊದಲು ಹೊಸ ಚೆಂಡಿನ ಮಿರುಗು ಹೋಗಲಿ, ಬೆರಳಿಗೆ ಹಿಡಿತ ಸಿಗಲಿ ಎಂದು ಮಣ್ಣು ಹಚ್ಚಿ ಉಜ್ಜುತ್ತಾರೆ. ಆ ಮಣ್ಣು ನ್ಯೂಜೆರ್ಸಿಯಲ್ಲಿ ಡೆಲವೇರ್ ನದಿಯ ಉಪನದಿಯೊಂದರ ದಡದ್ದು. ಯಾವ ಜಾಗ ಎಂಬುದು ಗುಟ್ಟು. 1938ರಿಂದ ಅದೇ ಮಣ್ಣು!

ಈಗ ಚರ್ಮ ಬಿಚ್ಚಿ. ಒಳಗೆ ಕಾರ್ಕ್ ಮತ್ತು ರಬ್ಬರಿನ ಪುಟ್ಟ ಗುಂಡು, ಅದರ ಮೇಲೆ ಸುತ್ತಿದ ಉಣ್ಣೆ ಮತ್ತು ಹತ್ತಿಯ ದಾರ. ಮೊದಲು 121 ಗಜ, ಆಮೇಲೆ 45, ಆಮೇಲೆ 53, ಕೊನೆಗೆ 150 ಗಜ. ಒಟ್ಟು 369 ಗಜ, ಅಂದರೆ 337 ಮೀಟರ್. ಅಂಗೈಯಲ್ಲಿ ಹಿಡಿಯುವ ಒಂದು ಚೆಂಡಿನೊಳಗೆ 337 ಮೀಟರ್ ದಾರ! ಜೋಗದ ರಾಜಾ ಧಾರೆಯ ನೆತ್ತಿಯಿಂದ ಆ ದಾರವನ್ನು ಕೆಳಗೆ ಬಿಟ್ಟರೆ 253 ಮೀಟರ್ ಇಳಿದು ಗುಂಡಿ ಮುಟ್ಟಿ, ಇನ್ನೂ 84 ಮೀಟರ್ ಕೈಯಲ್ಲೇ ಉಳಿಯುತ್ತದೆ.

ಚೆಂಡು ನೆಲಕ್ಕೆ ಉಜ್ಜಿತೋ, ಬದಲಿಸು. ಕಲೆಯಾಯಿತೋ, ಬದಲಿಸು. ಜನರ ನಡುವೆ ಬಿತ್ತೋ, ಸಿಕ್ಕಿದವರಿಗೇ ಅದು. ಕ್ರಿಕೆಟ್‌ನಂತೆ ವಾಪಸು ಕೊಡಬೇಕಿಲ್ಲ. ಹೀಗಾಗಿ ಒಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಚೆಂಡು ಬೇಕು. ನೂರೇ ಎಂದಿಟ್ಟುಕೊಂಡರೂ ವರ್ಷಕ್ಕೆ 2,43,000. ತೂಕ 34 ಟನ್‌ಗೂ ಹೆಚ್ಚು, ಜಂಬೂಸವಾರಿಯ ಗಂಡಾನೆ ಐದು ಟನ್ ತೂಗಿದರೆ ಹೆಚ್ಚುಕಡಿಮೆ ಏಳು ಆನೆ. ಕೈಯಿಂದ ಹಾಕಿದ ಜೋಡಿ ಹೊಲಿಗೆಗಳು 2 ಕೋಟಿ 62 ಲಕ್ಷ. ಅಷ್ಟೂ ಚೆಂಡು ಬಿಚ್ಚಿ ದಾರ ಗಂಟು ಹಾಕುತ್ತಾ ಹೋದರೆ ಸುಮಾರು 82 ಸಾವಿರ ಕಿ.ಮೀ. ಭೂಮಿಯನ್ನು ಎರಡು ಸುತ್ತು ಬಿಗಿದು ಗಂಟು ಕಟ್ಟುವಷ್ಟು. ಅದು ಒಂದು ವರ್ಷದ್ದು. ಹತ್ತು ವರ್ಷಗಳ ದಾರ 8 ಲಕ್ಷ 19 ಸಾವಿರ ಕಿ.ಮೀ. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿ. ಹತ್ತೇ ಹಂಗಾಮುಗಳ ಚೆಂಡಿನ ದಾರ ಚಂದ್ರನಿಗೆ ಹೋಗಿ, ತಿರುಗಿ ಭೂಮಿಗೆ ಬಂದು, ಭೂಮಿಗೆ ಇನ್ನೊಂದು ಸುತ್ತು ಹಾಕಿಯೂ ಮಿಗುತ್ತದೆ!

ಜನ ಎಷ್ಟು? 2024ರಲ್ಲಿ ಕ್ರೀಡಾಂಗಣಗಳಿಗೆ ಮಾರಾಟವಾದ ಟಿಕೆಟ್ 7 ಕೋಟಿ 13 ಲಕ್ಷ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಬೀದರ್‌ನಿಂದ ಚಾಮರಾಜನಗರದವರೆಗೆ ತೊಟ್ಟಿಲ ಕೂಸನ್ನೂ ಬಿಡದೆ ಪ್ರತಿಯೊಬ್ಬರಿಗೂ ಒಂದೊಂದು ಟಿಕೆಟ್ ಕೊಟ್ಟರೂ ಒಂದು ಕೋಟಿ ಟಿಕೆಟ್ ಉಳಿಯುತ್ತವೆ. ಇದು ದಾಖಲೆಯೂ ಅಲ್ಲ, 2007ರಲ್ಲಿ 7 ಕೋಟಿ 95 ಲಕ್ಷ ಮುಟ್ಟಿತ್ತು. ಲಾಸ್ ಏಂಜಲೀಸ್ ಡಾಜರ್ಸ್ ತಂಡವೊಂದೇ 2025ರಲ್ಲಿ ತನ್ನ ಮೈದಾನದ 81 ಪಂದ್ಯಗಳಿಗೆ 40 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿತು. ಕ್ರೊಯೇಷಿಯಾ ಎಂಬ ದೇಶದ ಇಡೀ ಜನಸಂಖ್ಯೆಗಿಂತ ಅದು ಹೆಚ್ಚು. ಬಂದವರು ಸುಮ್ಮನೆ ಕೂರುವುದಿಲ್ಲ. ಒಂದು ಹಂಗಾಮಿಗೆ ಈ ಕ್ರೀಡಾಂಗಣಗಳಲ್ಲಿ ತಿನ್ನುವ ಹಾಟ್ ಡಾಗ್‌ಗಳು ಸುಮಾರು 2 ಕೋಟಿ ಎಂದು ಆ ವ್ಯಾಪಾರದವರ ಅಂದಾಜು. ಅರ್ಧ ಅಡಿಗೊಂದರಂತೆ ಸಾಲಾಗಿ ಇಟ್ಟರೆ ಕನ್ಯಾಕುಮಾರಿಯಿಂದ ಹೊರಟ ಸಾಲು ಶ್ರೀನಗರ ದಾಟುತ್ತದೆ.

ದುಡ್ಡಿನ ಮಾತಿಗೆ ಬಂದರೆ ಸೊನ್ನೆಗಳೇ ಕಣ್ಣಿಗೆ ಕಟ್ಟುತ್ತವೆ. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ ಎಂಬ 26 ವರ್ಷದ ಹುಡುಗ ನ್ಯೂಯಾರ್ಕ್ ಮೆಟ್ಸ್ ಜತೆ 15 ವರ್ಷಕ್ಕೆ 76.5 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಡಾಲರಿಗೆ 85 ರೂಪಾಯಿಯಂತೆ 6,500 ಕೋಟಿ ರೂಪಾಯಿ. ಅದಕ್ಕೆ ಕೆಲವೇ ದಿನ ಮೊದಲು ಜೆಡ್ಡಾದಲ್ಲಿ ಐಪಿಎಲ್‌ನ ಮಹಾ ಹರಾಜು ನಡೆದಿತ್ತು. ಹತ್ತು ತಂಡಗಳು ಎರಡು ದಿನ ಕೂಗಿ ಕೂಗಿ 182 ಆಟಗಾರರ ಮೇಲೆ ಸುರಿದದ್ದು 639 ಕೋಟಿ. ಸೋಟೊ ಒಬ್ಬನ ಒಪ್ಪಂದ ಅಂಥ ಹತ್ತು ಹರಾಜುಗಳಿಗೆ ಸಮ. ಹದಿನೈದು ವರ್ಷ, ಆಡಿದ ದಿನವೂ ಆಡದ ದಿನವೂ, ದಿನವೊಂದಕ್ಕೆ 1 ಕೋಟಿ 18 ಲಕ್ಷ! ಸೆಕೆಂಡಿಗೆ ಒಂದು ರೂಪಾಯಿಯಂತೆ ಎಣಿಸುತ್ತಾ ಕೂತರೆ ಈ ಮೊತ್ತ ಎಣಿಸಿ ಮುಗಿಸಲು 2,060 ವರ್ಷ ಬೇಕು. ಇವತ್ತು ಮುಗಿಯಬೇಕಿದ್ದರೆ ಶಾತವಾಹನರ ಕಾಲದಲ್ಲೇ ಎಣಿಕೆ ಶುರುವಾಗಿರಬೇಕಿತ್ತು.

ಡಾಜರ್ಸ್‌ನ ಜಪಾನೀ ಆಟಗಾರ ಶೋಹೇ ಓಟಾನಿಯ ಒಪ್ಪಂದ 70 ಕೋಟಿ ಡಾಲರ್, ಹತ್ತು ವರ್ಷಕ್ಕೆ. ಅದರಲ್ಲಿ 68 ಕೋಟಿಯನ್ನು ಆಮೇಲೆ ಕೊಡಿ ಎಂದು ಆತ ಬಿಟ್ಟಿದ್ದಾನೆ. ಅದು 2034ರಿಂದ 2043ರವರೆಗೆ ಕೈಸೇರುತ್ತದೆ. ಎಸೆಯುವುದರಲ್ಲೂ ಬಾರಿಸುವುದರಲ್ಲೂ ಅಗ್ರಪಂಕ್ತಿಯಲ್ಲಿರುವ ಈತ 2024ರಲ್ಲಿ 54 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು 59 ಬೇಸ್ ಕದ್ದ, ಅಂದರೆ ಚೆಂಡು ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದ. ಒಂದೇ ವರ್ಷದಲ್ಲಿ ಎರಡರಲ್ಲೂ 50 ದಾಟಿದವರು ಅದಕ್ಕೆ ಮೊದಲು ಒಬ್ಬರೂ ಇರಲಿಲ್ಲ. ಕೊಟ್ಟ ದುಡ್ಡು ದೊಡ್ಡದೇ, ಆದರೆ ಆಡಿದ ಆಟ ಅದಕ್ಕಿಂತ ದೊಡ್ಡದು ಎಂದೇ ನಾನು ಹೇಳುವುದು.

ಇಷ್ಟೆಲ್ಲ ಭಾರಿ ಸಂಖ್ಯೆಗಳ ನಡುವೆ ಒಂದು ಸಣ್ಣ ಸಂಖ್ಯೆ ಬೆಚ್ಚಿಬೀಳಿಸುತ್ತದೆ. 1876ರಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಹಳೆಯದಾದ ನ್ಯಾಷನಲ್ ಲೀಗ್ ಶುರುವಾದಂದಿನಿಂದ ಇಂದಿನವರೆಗೆ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವಾದರೂ ಆಡಿದವರು ಎಷ್ಟು ಮಂದಿ? ಇಪ್ಪತ್ತು ಸಾವಿರದ ಮೇಲೆ ಕೆಲವು ಸಾವಿರ, ಅಷ್ಟೇ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರೆಲ್ಲರನ್ನೂ ಕೂರಿಸಿದರೆ ಸೀಟುಗಳು ಇನ್ನೂ ಖಾಲಿ ಉಳಿಯುತ್ತವೆ. ಇದಕ್ಕೆ ಭಾರತದ ನಂಟೂ ಇದೆ. 2008ರಲ್ಲಿ ನಮ್ಮ ದೇಶದಲ್ಲಿ ವೇಗವಾಗಿ ಚೆಂಡು ಎಸೆಯುವವರನ್ನು ಹುಡುಕುವ ಟಿವಿ ಸ್ಪರ್ಧೆ ನಡೆದಾಗ ಬಂದು ಎಸೆದವರು 30 ಸಾವಿರಕ್ಕೂ ಹೆಚ್ಚು. ಮೇಜರ್ ಲೀಗ್‌ನ ಇಡೀ ಇತಿಹಾಸದ ಆಟಗಾರರಿಗಿಂತ ಹೆಚ್ಚು ಮಂದಿ ಒಂದೇ ಸ್ಪರ್ಧೆಗೆ! ಅವರಲ್ಲಿ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜತೆ ಒಪ್ಪಂದ ಮಾಡಿಕೊಂಡವರು ಇಬ್ಬರು: ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರು. ಅವರೂ ಕೆಳಗಿನ ಲೀಗ್‌ಗಳಲ್ಲೇ ಆಡಿದರು, ಮೇಜರ್ ಲೀಗ್ ಅಂಗಳ ತಲುಪಲಿಲ್ಲ.

ಆ ಇಪ್ಪತ್ತು ಸಾವಿರ ಚಿಲ್ಲರೆ ಮಂದಿಯಲ್ಲಿ ಕೆಲವರ ಲೆಕ್ಕ ನಂಬುವುದೇ ಕಷ್ಟ. ಸೈ ಯಂಗ್ 1890ರಿಂದ 1911ರವರೆಗೆ ಪಿಚರ್ ಆಗಿ ಗೆದ್ದ ಪಂದ್ಯಗಳು 511. ಈಗಿನ ಪಿಚರ್ ವರ್ಷಕ್ಕೆ 20 ಗೆದ್ದರೆ ಊರೆಲ್ಲ ಕೊಂಡಾಡುತ್ತದೆ. ಹಾಗೆ 25 ವರ್ಷ ಎಡೆಬಿಡದೆ ಗೆದ್ದರೂ ಯಂಗ್‌ಗೆ 11 ಕಡಿಮೆ. ನೋಲನ್ ರಯಾನ್ 27 ಹಂಗಾಮುಗಳಲ್ಲಿ ಸ್ಟ್ರೈಕ್‌ಔಟ್ ಮಾಡಿ ಮನೆಗೆ ಕಳಿಸಿದ ಬ್ಯಾಟರ್‌ಗಳು 5,714. ನಮ್ಮ ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ 619, ಏಕದಿನದಲ್ಲಿ 337, ಒಟ್ಟು 956 ವಿಕೆಟ್ ಕಿತ್ತು ದಣಿದರು. ಅಂಥ ಆರು ಬದುಕಿನ ದುಡಿಮೆ ಬೇಕು ರಯಾನ್ ಸಂಖ್ಯೆ ಮುಟ್ಟಲು. 1920ರಲ್ಲಿ ಬೇಬ್ ರೂತ್ ಒಬ್ಬನೇ ಹೊಡೆದ ಹೋಮ್ ರನ್ 54. ಆ ವರ್ಷ ಆತ ಆಡುತ್ತಿದ್ದ ಇನ್ನೊಂದು ಭಾಗ, ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಒಂದೂ, ಇಡೀ ತಂಡ ಸೇರಿಯೂ, ಅಷ್ಟು ಹೊಡೆಯಲಿಲ್ಲ.

ಹ್ಯಾಂಕ್ ಆರನ್ ಬಗ್ಗೆ ನನಗೆ ವಿಶೇಷ ಮೋಹ. 755 ಹೋಮ್ ರನ್ ಹೊಡೆದವರು ಎಂದು ಎಲ್ಲರೂ ಹೇಳುತ್ತಾರೆ. ಆ 755ನ್ನೂ ಅಳಿಸಿಹಾಕಿ ನೋಡಿ. ಆಗಲೂ ಅವರ ಹೆಸರಲ್ಲಿ 3,016 ಹಿಟ್ (ಬೇಸ್ ತಲುಪಿಸಿದ ಹೊಡೆತ) ಉಳಿಯುತ್ತವೆ, ಮತ್ತು 3,000 ಹಿಟ್ ಅಂದರೆ ಆ ಆಟದಲ್ಲಿ ಶ್ರೇಷ್ಠತೆಯ ಗುರುತು. ಆರನ್ ಗಳಿಸಿದ ಒಟ್ಟು ಬೇಸ್‌ಗಳು 6,856. ಬೇಸ್‌ನಿಂದ ಬೇಸ್‌ಗೆ 90 ಅಡಿ. ಗುಣಿಸಿದರೆ 188 ಕಿ.ಮೀ., ಬೆಂಗಳೂರಿನಿಂದ ಹಾಸನಕ್ಕೆ. ಅಷ್ಟು ದೂರವನ್ನು ಒಬ್ಬ ಮನುಷ್ಯ ತನ್ನ ಬ್ಯಾಟಿನ ಬಲದಿಂದಲೇ, 90 ಅಡಿ, 90 ಅಡಿಯಾಗಿ ಸಂಪಾದಿಸಿದರು. ಕಪ್ಪು ಜನಾಂಗದವನೊಬ್ಬ ಬೇಬ್ ರೂತ್‌ನ ಹೋಮ್ ರನ್ ದಾಖಲೆ ಮುರಿಯಬಾರದೆಂದು ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದ ದಿನಗಳಲ್ಲೂ ಅವರು ಹೊಡೆಯುವುದನ್ನು ನಿಲ್ಲಿಸಲಿಲ್ಲ. 1974ರ ಏಪ್ರಿಲ್ 8ರಂದು ಆ ದಾಖಲೆ ಮುರಿಯಿತು.

ಇನ್ನು ಕ್ಯಾಲ್ ರಿಪ್ಕಿನ್. 1982ರ ಮೇ 30ರಿಂದ 1998ರ ಸೆಪ್ಟೆಂಬರ್‌ವರೆಗೆ ಒಂದೇ ಒಂದು ಪಂದ್ಯ ತಪ್ಪಿಸದೆ ಸತತ 2,632 ಪಂದ್ಯ! ಜ್ವರ ಬರಲಿಲ್ಲವೇ, ಕಾಲು ಉಳುಕಲಿಲ್ಲವೇ? ಎಲ್ಲ ಆಗಿರಬೇಕು, ಆದರೂ ಮರುದಿನ ಅಂಗಳದಲ್ಲಿ ಹಾಜರು. ಸಚಿನ್ ತೆಂಡೂಲ್ಕರ್ 24 ವರ್ಷಗಳಲ್ಲಿ ಆಡಿದ ಅಂತಾರಾಷ್ಟ್ರೀಯ ಪಂದ್ಯಗಳೆಲ್ಲ ಸೇರಿ 664. ರಿಪ್ಕಿನ್ ಅದರ ಸುಮಾರು ನಾಲ್ಕು ಪಟ್ಟನ್ನು ಬಿಡುವಿಲ್ಲದೆ ಆಡಿದರು. ಈ ಸಾಲಿನ ನಡುವೆ ಒಮ್ಮೆ 8,200ಕ್ಕೂ ಹೆಚ್ಚು ಇನಿಂಗ್ಸ್‌ಗಳ ಕಾಲ ಅವರ ಬದಲಿಗೆ ಇನ್ನೊಬ್ಬ ಕಣಕ್ಕಿಳಿಯಲೇ ಇಲ್ಲ.

ಇದೇ ರಿಪ್ಕಿನ್ ಇನ್ನೂ ಹೆಸರು ಮಾಡದ ಹುಡುಗನಾಗಿದ್ದಾಗ ಬೇಸ್‌ಬಾಲ್‌ನ ಅತಿ ಉದ್ದದ ರಾತ್ರಿಯನ್ನೂ ಕಂಡಿದ್ದರು. 1981ರ ಏಪ್ರಿಲ್ 18, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ರೋಡ್ ಐಲೆಂಡ್‌ನ ಪಾಟಕೆಟ್ ಎಂಬ ಸಣ್ಣ ಊರಿನ ಮೆಕಾಯ್ ಕ್ರೀಡಾಂಗಣ. ಪಾಟಕೆಟ್ ರೆಡ್ ಸಾಕ್ಸ್ ಮತ್ತು ರಾಚೆಸ್ಟರ್ ರೆಡ್ ವಿಂಗ್ಸ್, ಎರಡೂ ಕೆಳಗಿನ ಲೀಗ್‌ನ ವೃತ್ತಿಪರ ತಂಡಗಳು. ಬಂದಿದ್ದ ಪ್ರೇಕ್ಷಕರು 1,740. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಿದ್ದ ಪಂದ್ಯ ಸಮಬಲವಾಯಿತು. ಬೇಸ್‌ಬಾಲ್‌ನಲ್ಲಿ ಡ್ರಾ ಎಂಬುದಿಲ್ಲ, ಗೆಲ್ಲುವವರೆಗೆ ಆಡಬೇಕು. ಹತ್ತು, ಹದಿನೈದು, ಇಪ್ಪತ್ತು ಇನಿಂಗ್ಸ್. 21ನೆಯದರಲ್ಲಿ ರಾಚೆಸ್ಟರ್ ಒಂದು ರನ್ ಮುಂದಾಯಿತು, ಪಾಟಕೆಟ್ ಪರ ವೇಡ್ ಬಾಗ್ಸ್ ಅದನ್ನು ಮತ್ತೆ ಸಮ ಮಾಡಿದ. ಚಳಿ ಕೊರೆಯುತ್ತಿತ್ತು. ಆಟಗಾರರು ಮುರಿದ ಬ್ಯಾಟುಗಳಿಗೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಂಡರು. ರಾಚೆಸ್ಟರ್‌ನ ಡಲ್ಲಾಸ್ ವಿಲಿಯಮ್ಸ್ 13 ಬಾರಿ ಬ್ಯಾಟ್ ಬೀಸಿ 13 ಬಾರಿಯೂ ಬರಿಗೈಲಿ ಮರಳಿದ. ಮಧ್ಯರಾತ್ರಿ ಕಳೆಯಿತು, ಎರಡು ಗಂಟೆ, ಮೂರು ಗಂಟೆ. ಲೀಗ್‌ನ ಅಧ್ಯಕ್ಷರನ್ನು ಫೋನಿನಲ್ಲಿ ಹಿಡಿದು, ಅವರ ಮಾತಿನಂತೆ 32 ಇನಿಂಗ್ಸ್ ಮುಗಿದ ಮೇಲೆ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಆಟ ನಿಲ್ಲಿಸಿದಾಗ ಸ್ಕೋರು 2–2. ಆಗ ಕ್ರೀಡಾಂಗಣದಲ್ಲಿ ಉಳಿದಿದ್ದ ಪ್ರೇಕ್ಷಕರು 19!

ಉಳಿದ ಆಟ ಜೂನ್ 23ಕ್ಕೆ. ಮೇಜರ್ ಲೀಗ್ ಆಟಗಾರರು ಆಗ ಮುಷ್ಕರದಲ್ಲಿದ್ದರು, ದೇಶದ ಪತ್ರಕರ್ತರೆಲ್ಲ ಪಾಟಕೆಟ್‌ಗೆ ಬಂದು ಸೇರಿದರು. ಎಂಟು ಗಂಟೆ ಆಡಿದರೂ ಮುಗಿಯದಿದ್ದ ಪಂದ್ಯ ಅಂದು 18 ನಿಮಿಷಕ್ಕೆ ಮುಗಿಯಿತು. 33ನೇ ಇನಿಂಗ್ಸ್‌ನಲ್ಲಿ ಡೇವ್ ಕೋಜಾ ಹೊಡೆದ ಹಿಟ್‌ನಿಂದ ಪಾಟಕೆಟ್ ಗೆದ್ದಿತು. ಒಟ್ಟು 8 ಗಂಟೆ 25 ನಿಮಿಷ. ಬಾಗ್ಸ್, ರಿಪ್ಕಿನ್ ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಕೋಜಾಗೆ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಈ ಆಟದ ಬಗ್ಗೆ ನನಗೆ ಅತಿ ಹೆಚ್ಚು ನೋವು ಕೊಡುವ ಸಂಖ್ಯೆ ಆ ಸೊನ್ನೆ.

ಅಪರೂಪವನ್ನೂ ಈ ಆಟ ಭಾರಿ ಪ್ರಮಾಣದಲ್ಲೇ ಅಳೆಯುತ್ತದೆ. ಪರ್ಫೆಕ್ಟ್ ಗೇಮ್ ಎಂಬುದೊಂದಿದೆ: ಎದುರಾಳಿಯ 27 ಬ್ಯಾಟರ್‌ಗಳು ಬರಬೇಕು, 27 ಮಂದಿಯೂ ಒಂದು ಬೇಸ್ ಕೂಡ ಮುಟ್ಟದೆ ಹೋಗಬೇಕು. ಮೇಜರ್ ಲೀಗ್‌ನಲ್ಲಿ ಈವರೆಗೆ ನಡೆದಿರುವ ಪಂದ್ಯಗಳು 2 ಲಕ್ಷಕ್ಕೂ ಹೆಚ್ಚು. ದಿನಕ್ಕೊಂದರಂತೆ ಅವನ್ನೆಲ್ಲ ನೋಡಿ ಇವತ್ತಿಗೆ ಮುಗಿಸಬೇಕಾದರೆ ಕೃಷ್ಣದೇವರಾಯ ಪಟ್ಟಕ್ಕೇರುವ ಮೂರು ದಶಕ ಮೊದಲೇ ನೋಡಲು ಕೂರಬೇಕಿತ್ತು. ಆ ಐನೂರು ಚಿಲ್ಲರೆ ವರ್ಷಗಳಲ್ಲಿ ಕಣ್ಣಿಗೆ ಬೀಳುವ ಪರ್ಫೆಕ್ಟ್ ಗೇಮ್‌ಗಳು ಎಷ್ಟು ಗೊತ್ತೇ? 2025ರ ಹಂಗಾಮು ಮುಗಿದಾಗ ಲೆಕ್ಕ 24. ಇಪ್ಪತ್ತಮೂರು ವರ್ಷ ದಿನ ತಪ್ಪದೆ ಕಾದರೆ ಒಂದು! ವರ್ಲ್ಡ್ ಸೀರೀಸ್‌ನಲ್ಲಂತೂ ಒಂದೇ ಒಂದು, 1956ರಲ್ಲಿ ಡಾನ್ ಲಾರ್ಸನ್ ಅವರದು.

24 ಎಂಬುದು 25 ಆಗಬೇಕಿತ್ತು. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೊ ಗಲರಾಗಾ 26 ಮಂದಿಯನ್ನು ಔಟ್ ಮಾಡಿದ್ದರು. 27ನೆಯವನೂ ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟ್ ಆಗಿದ್ದ. ಅಂಪೈರ್ ಜಿಮ್ ಜಾಯ್ಸ್ ಔಟ್ ಅಲ್ಲ ಎಂದುಬಿಟ್ಟರು. ಗಲರಾಗಾ ಕೂಗಾಡಲಿಲ್ಲ, ಮುಗುಳ್ನಕ್ಕು ಮತ್ತೆ ಎಸೆಯಲು ನಡೆದರು. ತಪ್ಪು ಗೊತ್ತಾದ ಮೇಲೆ ಜಾಯ್ಸ್ ಕ್ಷಮೆ ಕೇಳಿದರು. ಮರುದಿನ ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ಗಲರಾಗಾ ಅವರೇ ಬಂದಾಗ ಜಾಯ್ಸ್ ಕಣ್ಣಲ್ಲಿ ನೀರು. ಎರಡು ಲಕ್ಷ ಪಂದ್ಯಗಳ ಈ ಸಾಗರದಲ್ಲಿ, 24 ಪರ್ಫೆಕ್ಟ್ ಗೇಮ್‌ಗಳಿಗಿಂತ ಆ ಒಂದು ಕೆಟ್ಟುಹೋದ ಪಂದ್ಯ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ? ಯಾರೋ ಕೂತು ಎಣಿಸಿದ್ದರಿಂದ. ಎಣಿಕೆಯ ಮೂಲಪುರುಷ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್. 1859ರ ಹೊತ್ತಿಗೆ ಅವರು ಬೇಸ್‌ಬಾಲ್ ಪಂದ್ಯವನ್ನು ಪತ್ರಿಕೆಯ ಒಂದು ಪುಟ್ಟ ಚೌಕದೊಳಗೆ ಅಂಕಿಗಳಲ್ಲಿ ಕೂರಿಸಿದರು. ಬೇಸ್‌ಬಾಲ್‌ನ ಅಂಕಿ ಹುಚ್ಚಿಗೆ ಬೀಜ ಬಿದ್ದದ್ದು ಕ್ರಿಕೆಟ್ ಅಂಗಳದಿಂದ. ಸುಮಾರು ನೂರಿಪ್ಪತ್ತು ವರ್ಷದ ನಂತರ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ, ಹಂದಿಮಾಂಸ ಮತ್ತು ಹುರುಳಿಕಾಯಿ ಬೀಜ ಡಬ್ಬಿಗೆ ತುಂಬುವ ಕಾರ್ಖಾನೆಯ ರಾತ್ರಿ ಕಾವಲುಗಾರನೊಬ್ಬ ಪಾಳಿಯ ಹೊತ್ತಲ್ಲಿ ಹಳೆಯ ಸ್ಕೋರುಗಳನ್ನು ಕೂಡಿ ಕಳೆಯುತ್ತಿದ್ದ. ಹೆಸರು ಬಿಲ್ ಜೇಮ್ಸ್. 1977ರಲ್ಲಿ ತನ್ನದೇ ದುಡ್ಡಲ್ಲಿ 68 ಪುಟಗಳ ಪುಸ್ತಿಕೆ ಹೊರತಂದ. ಮಾರಾಟವಾದದ್ದು ಸುಮಾರು 75 ಪ್ರತಿ. ಆಟಗಾರರನ್ನು ಕಣ್ಣಂದಾಜಿನಿಂದಲ್ಲ, ಲೆಕ್ಕದಿಂದ ಅಳೆಯಬೇಕು ಎಂಬುದು ಅದರ ವಾದ. ಇಂದು 30 ತಂಡಗಳೂ ಲೆಕ್ಕಿಗರನ್ನು ಸಂಬಳ ಕೊಟ್ಟು ಇಟ್ಟುಕೊಂಡಿವೆ. ಎಪ್ಪತ್ತೈದು ಪ್ರತಿಗಳು ಲಕ್ಷ ಕೋಟಿ ರೂಪಾಯಿಗಳ ಒಂದು ಉದ್ಯಮದ ತಲೆಯನ್ನೇ ತಿರುಗಿಸಿದವು! ಜೇಮ್ಸ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್ ಸಲಹೆಗಾರರಾಗಿ ಸೇರಿಸಿಕೊಂಡಿತು. 2004ರಲ್ಲಿ ಆ ತಂಡ 86 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಗೆದ್ದಿತು.

1989ರಲ್ಲಿ ಡೆಲವೇರ್‌ನ ಜೀವಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಸ್ಮಿತ್ ಶುರುಮಾಡಿದ ರೆಟ್ರೋಶೀಟ್ ಎಂಬ ಸಂಸ್ಥೆ ಇನ್ನೂ ದೊಡ್ಡ ಹಟ ತೊಟ್ಟಿತು: ಹಿಂದೆ ನಡೆದ ಪ್ರತಿ ಪಂದ್ಯವನ್ನೂ ಬ್ಯಾಟರ್ ಬ್ಯಾಟರ್ ಆಗಿ ದಾಖಲಿಸುವುದು. ಸ್ವಯಂಸೇವಕರು ಹಳೆಯ ಪತ್ರಿಕೆ, ಹಳದಿ ಬಿದ್ದ ಸ್ಕೋರ್ ಪುಸ್ತಕ ಹುಡುಕಿ ಇಂದಿಗೂ ತುಂಬಿಸುತ್ತಿದ್ದಾರೆ, ಸಂಬಳವಿಲ್ಲದೆ. ಒಂದು ಪಂದ್ಯದಲ್ಲಿ ಎರಡೂ ಕಡೆ ಸೇರಿ ಬ್ಯಾಟಿಗೆ ಬರುವ ಸರದಿ 70ಕ್ಕೂ ಹೆಚ್ಚು. ಎರಡು ಲಕ್ಷ ಪಂದ್ಯಕ್ಕೆ 1 ಕೋಟಿ 40 ಲಕ್ಷ ದಾಟುತ್ತದೆ. ಅಷ್ಟೂ ಸರದಿಗಳಿಗೆ ಹೆಸರು, ದಿನಾಂಕ, ಫಲಿತಾಂಶ ಹುಡುಕುವ ಕೆಲಸ ಅದು. ಸೋಟೊನ 6,500 ಕೋಟಿಗಿಂತ ನನಗೆ ಈ ಸಂಖ್ಯೆಯೇ ಹೆಚ್ಚು ಬೆರಗು ತರುತ್ತದೆ.

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಕನ್ನಡದ ಅಪ್ಪ ಅಮ್ಮಂದಿರೇ, ನೀವು ಅಲ್ಲಿರುವಷ್ಟು ದಿನವೂ ಈ ಆಟ ನಡೆಯುತ್ತಿರುತ್ತದೆ. ನಯಾಗರ ನೋಡಿ, ಸ್ವಾತಂತ್ರ್ಯ ದೇವಿಯ ಪ್ರತಿಮೆ ನೋಡಿ, ಅದರ ಜತೆಗೆ 2,430ರಲ್ಲಿ ಒಂದು ಪಂದ್ಯಕ್ಕೂ ಕರೆದುಕೊಂಡು ಹೋಗಿ ಎಂದು ಮಗನನ್ನೋ ಮಗಳನ್ನೋ ಕೇಳಿ. ಬಾಗಿಲಲ್ಲಿ ಸ್ಕೋರ್ ಕಾರ್ಡ್ ಮಾರುತ್ತಿದ್ದರೆ ಒಂದು ಕೊಂಡು, ಮೊದಲ ಎಸೆತದಿಂದಲೇ ತುಂಬಿಸುತ್ತಾ ಹೋಗಿ.